ಬಣ್ಣ ಹಿಡಿಯದ ಜಾಗ

ಹುಬ್ಬಳ್ಳಿಗೆ ಹೋಗಿದ್ದು ತಾನು ಕಲಿಸುವ ಸಾಲೆಯ ಹುಡುಗಿಯರ ಕಸೂತಿಗೆ ದಾರ ತರಲಿಕ್ಕೆ ಎಂದು ನಿರುಪಮಾ ಮನೆಯಲ್ಲಿ ಗಂಡನಿಗೂ ಅತ್ತೆಗೂ ಹೇಳಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ. ಹೊಲಿಗೆ ಕಲಿಸುವ ಫ್ಲೋರೆನ್ಸಬಾಯಿಯ ಜೋಡಿ ದುರ್ಗದಬೈಲಿನ ಅಂಗಡಿಗಳನ್ನು ಸುತ್ತಿ, ಕೆಂಪು ಹಸಿರು ದಾರದ ಲಡಿಗಳನ್ನು ಆರಿಸಿ ತಂದಿದ್ದಳು. ಅದಕ್ಕೂ ಮೊದಲು ಇಬ್ಬರೂ ಎಲ್ಲಿಗೆ ಹೋಗಿದ್ದರೆಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಸ್ವಭಾವ ಅವಳದಲ್ಲ.

ಸ್ಟೇಶನ್ನಿನ ಹತ್ತಿರ ಲೂಸಿ ಡಾಕ್ಟರಬಾಯಿಯ ಚಿಕ್ಕ ದವಾಖಾನೆ ಇತ್ತು. ಫ್ಲೋರೆನ್ಸಬಾಯಿಗೆ ಅವರು ಇಗರ್ಜಿಯಿಂದ ಪರಿಚಯ. ಜಗಲಿಯ ಉದ್ದನೆಯ ಮರದ ಬಾಕಿನ ಮೇಲೆ ಹೆಂಗಸರು ಗುಂಪಾಗಿ ಕೂತಿದ್ದರೂ ನಿರುಪಮಾ ಅವರ ನಡುವೆ ಕೂಡದೆ, ಮೂಲೆಯಲ್ಲಿದ್ದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಧಾರವಾಡದವರು ಯಾರಾದರೂ ಕಂಡಾರೆಂಬ ದಿಗಿಲು. ತಾನು ಎಂಥ ಬೇನೆಗೆ ಬಂದಿದ್ದೇನೆಂದು ಆ ಬಾಕಿನ ಮೇಲಿನವರೆಲ್ಲ ಬೆನ್ನು ನೋಡಿಯೇ ತಿಳಿದುಕೊಂಡಿರಬೇಕು ಎಂಬ ದಿಗಿಲು ಅದಕ್ಕಿಂತ ದೊಡ್ಡದು.

ಬೇನೆ ಎನ್ನುವಂಥ ಬೇನೆ ಇರಲಿಲ್ಲ. ತಿಂಗಳ ಸರತಿ ಮುಗಿದ ಮೇಲೂ ನಡುನಡುವೆ ಕೆಂಪು ಕಾಣಿಸಿಕೊಳ್ಳುತ್ತಿತ್ತು, ಅಷ್ಟೇ. ಬೇರೆ ಮನೆಗಳಲ್ಲಾದರೆ ಅದು ಅವಳೊಬ್ಬಳ ಗುಟ್ಟಾಗಿ ಉಳಿಯುತ್ತಿತ್ತೇನೋ. ಮಾಳಮಡ್ಡಿಯ ಈ ಮನೆಯಲ್ಲಿ ಕೆಂಪು ಕಂಡಾಗಲೆಲ್ಲ ಹಿತ್ತಲಿನ ಕೋಣೆಗೆ ಹೋಗಿ ಹೊರಗೆ ಕೂಡಬೇಕು. ಹಾಸಿಗೆ ಬೇರೆ, ತಾಟು ಬೇರೆ. ಮೊದಮೊದಲು ನಿಯಮದ ಪ್ರಕಾರ ಹೊರಗೆ ಕೂತಳು. ಅತ್ತೆ ಲಕ್ಷ್ಮೀಬಾಯಿ ಅನ್ನ ನೀಡುವಾಗ, "ಏ ನಿರುಪಮಾ, ಮೊನ್ನೆ ಮೊನ್ನೆರೆ ಎದ್ದಿದ್ದೆಲ್ಲ? ಮತ್ತ ಕೂತ್ಯಾ?" ಎಂದರು. ಬೈಗುಳವಲ್ಲ, ಬರೀ ಪ್ರಶ್ನೆ. ಆದರೂ ಅದಾದ ಮೇಲೆ ಕೆಂಪು ಕಂಡರೂ ನಿರುಪಮಾ ಬಾಯಿ ಬಿಡಲಿಲ್ಲ. ಅಡಿಗೆಮನೆಗೆ ಹೋದಳು, ನೀರು ತುಂಬಿದಳು, ದೇವರ ಕೋಣೆಯ ಹೊಸ್ತಿಲನ್ನು ಮಾತ್ರ ಏನಾದರೊಂದು ನೆವ ಹೇಳಿ ದಾಟದೆ ಉಳಿದಳು.

ಅವಳ ತಾಯಿ ಹೀಗೇ ತೀರಿಹೋಗಿದ್ದಳು. ನಿರುಪಮಾ ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ತಾಯಿ ಹೊರಗೆ ಕೂತವಳು ಒಳಗೆ ಬರಲೇ ಇಲ್ಲ. ಎಷ್ಟು ಊದಿನಕಡ್ಡಿ ಹಚ್ಚಿದರೂ ಅಡಗದ ವಾಸನೆಯೊಂದು ಆ ಕೋಣೆಯಲ್ಲಿ ನಿಂತುಬಿಟ್ಟಿತ್ತು. ಕಡೆಗೆ ಬಂದ ಡಾಕ್ಟರು, "ಮೊದಲs ತೋರಿಸಿದ್ರ ಏನರೆ ಮಾಡಬಹುದಿತ್ತು" ಎಂದು ಹೇಳಿ ಹೊರಟುಹೋಗಿದ್ದರು.

ಲೂಸಿ ಡಾಕ್ಟರಬಾಯಿ ಪರದೆಯ ಹಿಂದೆ ಅವಳನ್ನು ಮಲಗಿಸಿ, ಮಾಡುವ ಪ್ರತಿಯೊಂದು ಕೆಲಸವನ್ನೂ ಹೇಳಿಯೇ ಮಾಡಿದರು. "ಇದು ಟಿಂಚರ ಆಯೋಡಿನ್ ನೋಡ್ರಿ, ಗಾಯಕ್ಕ ಹಚ್ಚೂದು, ನೀರು ಬೆರಸಿದ್ದು. ಗರ್ಭಚೀಲದ ಬಾಯಿಗೆ ಹಚ್ಚತೀನಿ. ಛಲೋ ಇದ್ದಲ್ಲೆ ಕಂದು ಬಣ್ಣ ಹಿಡೀತದ. ಹಿಡೀಲಿಲ್ಲ ಅಂದ್ರ ಆ ಜಾಗಾಕ್ಕ ಲಕ್ಷ್ಯ ಕೊಡಬೇಕು. ಮುಂಬಯಿಯೊಳಗ ಇದನ್ನ ಈಗೀಗ ಮಾಡ್ಲಿಕ್ಕೆ ಹತ್ಯಾರ."

ತುಸು ಹೊತ್ತು ಸುಮ್ಮನಿದ್ದರು. ಆ ಸುಮ್ಮನಿರುವಿಕೆಯನ್ನು ನಿರುಪಮಾ ಮುಂದೆ ಎಷ್ಟೋ ಸಲ ನೆನೆದಳು.

"ಒಂದು ಕಡೆ ಹಿಡಿದಿಲ್ಲ," ಎಂದರು. "ಹೆದರಬ್ಯಾಡ್ರಿ. ಹಳೇ ಗಾಯ ಇರಬಹುದು, ಬಾವು ಇರಬಹುದು. ಇಂಥಾದ್ದು ಭಾಳ ಮಂದಿಗೆ ಇರತದ. ನಾನು ದಿನಾ ನೋಡ್ತೀನಿ. ಈಗ ಔಷಧ ಹಚ್ಚೇನಿ. ಮುಂದಿನ ತಿಂಗಳ ನಿಮ್ಮ ಸರತಿ ಮುಗಿದ ಕೂಡಲೆ ಬರ್ರಿ, ಮತ್ತ ಬಣ್ಣ ಹಚ್ಚಿ ನೋಡೋಣು. ಹಂಗs ಉಳಿದಿತ್ತಂದ್ರ ಅಕ್ಕಿಕಾಳಿನಷ್ಟು ತುಣುಕು ತಗದು ಪರೀಕ್ಷಾಕ್ಕ ಮುಂಬಯಿಗೆ ಕಳಸೋದು."

"ಭಾಳ ಮಂದಿಗೆ ಅಂದ್ರ?"

"ಭಾಳ ಮಂದಿಗೆ ಅಂದ್ರ ಭಾಳ ಮಂದಿಗೆ. ಅವರೊಳಗ ಖರೇ ಕ್ಯಾನ್ಸರ ರೋಗ ಇದ್ದವರು ಅಲ್ಲೊಬ್ಬರು ಇಲ್ಲೊಬ್ಬರು. ಆದರ ಆ ಒಬ್ಬಾಕಿ ಯಾರು ಅನ್ನೂದು ತಿರುಗಿ ಬಂದವರಿಗಷ್ಟ ಗೊತ್ತಾಗತದ."

ತಾಯಿಯ ಮುಂದೂ ಕಡೆಯವರೆಗೆ ಎಲ್ಲರೂ ಹೆದರಬೇಡ ಎಂದೇ ಹೇಳಿದ್ದರು. ಸಮಾಧಾನ ಹೇಳುವವರ ಮಾತಿಗೆ ತೂಕವಿಲ್ಲವೆಂಬುದನ್ನು ನಿರುಪಮಾ ಅಲ್ಲಿಯೇ ಕಲಿತಿದ್ದಳು.

ಸಂಜೆ ಮನೆಗೆ ಬಂದು ಬಚ್ಚಲಲ್ಲಿ ಸೀರೆ ಬಿಚ್ಚಿ ಬೆಳಕಿಗೆ ಹಿಡಿದಳು. ಗರಗದ ಖಾದಿಯ ಬಿಳಿ ಸೀರೆ, ಹಿಂದಿನ ದಿನವಷ್ಟೇ ಅನ್ನದ ಗಂಜಿ ಹಾಕಿ ಒಣಗಿಸಿದ್ದು. ಅದರ ಹಿಂಬದಿಯಲ್ಲಿ ಅಂಗೈಯಗಲ ಕಲೆ. ಟಿಂಚರದ್ದಾಗಿದ್ದರೆ ಕಂದು ಇರಬೇಕು. ಡಾಕ್ಟರಬಾಯಿಯ ಬಾಟಲಿಯನ್ನು ತಾನೇ ಕಣ್ಣಾರೆ ನೋಡಿದ್ದಳು. ಈ ಕಲೆ ನೀಲಿಯಾಗಿತ್ತು. ನೀಲಿಯೂ ಅಲ್ಲ, ಮೋಡ ಕವಿದಂಥ ಕರಿನೀಲಿ. ಹಾಗಾದರೆ ಇದು ಬಾಟಲಿಯಿಂದ ಬಂದದ್ದಲ್ಲ, ತನ್ನೊಳಗಿನಿಂದ ಬಂದದ್ದು. ಮನುಷ್ಯರ ಮೈಯಿಂದ ನೀಲಿ ಹೊರಡುವುದೆಂದರೆ ಒಳಗೆ ಎಂಥ ವಿಷ ಕೂತಿರಬೇಕು?

ಬಿ.ಎ.ಗೆ ಅವಳು ಓದಿದ್ದು ಸಂಸ್ಕೃತ ಮತ್ತು ಇಂಗ್ಲಿಷ್, ವಿಜ್ಞಾನವಲ್ಲ. ಕಾಳಿದಾಸನ ಮೋಡದ ಬಣ್ಣ ಎಂಥದೆಂದು ಕೇಳಿದ್ದರೆ ಹೇಳುತ್ತಿದ್ದಳು.

ತಿಕ್ಕಿ ತಿಕ್ಕಿ ತೊಳೆದರೂ ಕಲೆಯ ಅಂಚು ಉಳಿಯಿತು. ಮರುದಿನ ಅತ್ತೆ ಕೋಲಿನಿಂದ ಗಳದ ಮೇಲಿನ ಮಡಿಬಟ್ಟೆ ತೆಗೆಯುವಾಗ ಹಿತ್ತಲಲ್ಲಿ ಒಣಹಾಕಿದ್ದ ಈ ಸೀರೆ ಅವರ ಕಣ್ಣಿಗೆ ಬಿತ್ತು.

"ಇದೇನ ಕಲಿ?"

"ಶಾಯಿ ಅತ್ಯಾರ. ಸಾಲ್ಯಾಗ ದೌತಿ ಉಳ್ಳಿತು."

"ಕೂಡೂ ಕುರ್ಚಿ ಮ್ಯಾಲೆ ದೌತಿ ಇಡ್ತೀರೇನು ನಿಮ್ಮ ಸಾಲ್ಯಾಗ? ಛಲೋ ವಿದ್ಯಾ ಬಿಡು!" ಎಂದು ಲಕ್ಷ್ಮೀಬಾಯಿ ಒಳಗೆ ಹೋದರು.

ಸರತಿ ಬಂತು, ಮುಗಿಯಿತು. ನಿರುಪಮಾ ಹುಬ್ಬಳ್ಳಿಗೆ ಹೋಗಲಿಲ್ಲ. ಒಂದು ವಾರ ಪರೀಕ್ಷೆಯ ಪತ್ರಿಕೆಗಳ ನೆವ, ಇನ್ನೊಂದು ವಾರ ಇನ್‌ಸ್ಪೆಕ್ಟರ್ ಬರುವ ನೆವ. ಫ್ಲೋರೆನ್ಸಬಾಯಿ ದಿನಕ್ಕೊಮ್ಮೆ ಹೊಲಿಗೆ ಕೋಣೆಯ ಬಾಗಿಲಲ್ಲಿ ಅಡ್ಡಗಟ್ಟುತ್ತಿದ್ದಳು.

"ನಿರುಪಮಾಬಾಯಾರ, ಇಡೀ ಸಾಲಿ ಹುಡುಗ್ಯಾರ ಪರೀಕ್ಷಾ ನೀವು ತಗೋತೀರಿ. ನಿಮ್ಮ ಪರೀಕ್ಷಾಕ್ಕ ನೀವs ಗೈರಹಾಜರು?"

"ಹೋಗ್ತೀನ್ರಿ."

"ನಿಮ್ಮ 'ಹೋಗ್ತೀನಿ'ಗೆ ಕಾಲು ಮೂಡೂದು ಯಾವಾಗ?"

ನಿರುಪಮಾ ನಕ್ಕಂತೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ತಿರುಗಿ ಹೋದರೆ ಡಾಕ್ಟರಬಾಯಿ ನೀಲಿಯ ವಿಷಯ ಕೇಳಬಹುದು, ಕೇಳಿದರೆ ಹೇಳಬೇಕು, ಹೇಳಿದರೆ ಅವರು ಮತ್ತೆ ಹಾಗೆಯೇ ಸುಮ್ಮನಾಗಬಹುದು. ಹೋಗದಿದ್ದರೆ ಏನೂ ಗೊತ್ತಾಗದು, ಗೊತ್ತಾಗದಿರುವಷ್ಟು ದಿನ ತಾನು ಒಳಗಿನವಳು. ತಾಯಿಯೂ ಹೀಗೇ ಲೆಕ್ಕ ಹಾಕಿದ್ದಳೇನೋ ಎಂದು ಹೊಳೆದಾಗಲೆಲ್ಲ ಎದ್ದು ಹೋಗಿ ಏನಾದರೊಂದು ಕೆಲಸ ಹಿಡಿಯುತ್ತಿದ್ದಳು.

ಈ ನಡುವೆ ಅವಳಿಗೆ ಹೊಸದೊಂದು ಚಾಳಿ ಅಂಟಿಕೊಂಡಿತು. ಹೆಂಗಸರನ್ನು ನೋಡುವುದು. ನೀರಿಗೆ ಬಂದವರು, ಸಾಲೆಯಲ್ಲಿ ಕಲಿಸುವ ಬಾಯಿಯವರು, ಬೇಲಿಯಾಚೆಯ ಮನೆಯ ಮಂದಾಕಿನಿ. ಭಾಳ ಮಂದಿಗೆ ಇರತದ ಎಂದರಲ್ಲ. ಹಾಗಾದರೆ ಎಲ್ಲಿದ್ದಾರೆ ಆ ಮಂದಿ? ಎಲ್ಲರೂ ನಗುತ್ತಿದ್ದರು, ತರಕಾರಿಗೆ ಚೌಕಾಶಿ ಮಾಡುತ್ತಿದ್ದರು, ಸೊಸೆಯರನ್ನು ಬಯ್ಯುತ್ತಿದ್ದರು. ಯಾರ ಮುಖದ ಮೇಲೂ ಏನೂ ಬರೆದಿರಲಿಲ್ಲ.

ಚೈತ್ರಗೌರಿಯ ಅರಿಷಿಣ-ಕುಂಕುಮದ ದಿನ ಬಂತು. ಓಣಿಯ ಹೆಂಗಸರೆಲ್ಲ ಸಂಜೆಗೆ ಬರುವವರು. ಬೆಳಿಗ್ಗೆ ನಿರುಪಮಾ ಈಳಿಗೆಯ ಮುಂದೆ ಕೂತು ಕೋಸಂಬರಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಲಕ್ಷ್ಮೀಬಾಯಿ ಮಡಿಯಲ್ಲಿ ಒಲೆಯ ಮುಂದಿದ್ದರು. ಗಂಡ ತೀರಿದ ಮೇಲೆ ತಲೆ ಬೋಳಿಸಿ, ಕೆಂಪು ಮಡಿಸೀರೆ ಉಟ್ಟು ಎಷ್ಟೋ ವರ್ಷಗಳಾಗಿದ್ದವು. ಮುತ್ತೈದೆಯರ ಅರಿಷಿಣ-ಕುಂಕುಮದಲ್ಲಿ ಎದುರಿಗೆ ಬರುತ್ತಿರಲಿಲ್ಲವಾದರೂ ಅಡಿಗೆಯೆಲ್ಲ ಅವರದೇ. ಮನಸ್ಸು ಎಲ್ಲೋ ಇದ್ದ ನಿರುಪಮಾಳ ಬೆರಳು ಈಳಿಗೆಗೆ ಸಿಕ್ಕಿತು.

"ಕಣ್ಣು ಎಲ್ಲಿಟ್ಟಿದ್ದೆವ್ವಾ!" ಎನ್ನುತ್ತ ಅತ್ತೆ ಗೂಡಿನಿಂದ ಟಿಂಚರದ ಬಾಟಲಿ ತಂದರು. ಮಡಿಯಲ್ಲಿದ್ದವರು ಮುಟ್ಟುವಂತಿಲ್ಲ. ಎತ್ತರದಿಂದಲೇ ತೀರ್ಥ ಹಾಕಿದಂತೆ ಬೆರಳಿನ ಮೇಲೆ ಹನಿ ಹನಿಯಾಗಿ ಬಿಟ್ಟರು. ಒಂದು ಹನಿ ಬೆರಳು ತಪ್ಪಿ, ಗಂಜಿ ಹಾಕಿದ ಗರಿಗರಿ ಸೆರಗಿನ ಮೇಲೆ ಬಿತ್ತು.

ಬಿದ್ದಾಗ ಕಂದು. ಇಬ್ಬರೂ ನೋಡುತ್ತಿದ್ದಂತೆ ಅದು ಕರಿನೀಲಿಯಾಯಿತು.

ನಿರುಪಮಾ ನಕ್ಕುಬಿಟ್ಟಳು. ಬೆರಳಿನ ಉರಿ ಮರೆತು, ಬಾಯಿ ತೆರೆದು, ಹುಡುಗಿಯರು ನಗುವಂತೆ. ತನ್ನ ಮೈಯಲ್ಲಿ ನೀಲಿ ಇರಲಿಲ್ಲ. ಗಂಜಿಯಲ್ಲಿತ್ತು, ಅಥವಾ ಗಂಜಿ ಮತ್ತು ಟಿಂಚರ ಕೂಡಿದಲ್ಲಿತ್ತು. ಇಷ್ಟು ದಿನ ಅವಳು ಒಂದು ಹಿಡಿ ಅನ್ನದ ನೀರಿಗೆ ಹೆದರಿ ಸತ್ತಿದ್ದಳು. ತಲೆ ಎತ್ತಿ ನೋಡಿದಾಗ ಅತ್ತೆ ನಗುತ್ತಿರಲಿಲ್ಲ. ಬಾಟಲಿ ನೋಡಿದರು. ಸೆರಗು ನೋಡಿದರು.

"ಶಾಯಿ ಅಂದಿದ್ದಿ," ಎಂದರು.

ನಿರುಪಮಾಳ ನಗು ಅಲ್ಲಿಗೇ ನಿಂತಿತು. ಆ ಸೀರೆಯ ಕಲೆ ಎಲ್ಲಿತ್ತೆಂಬುದು ಅತ್ತೆಗೆ ಗೊತ್ತು. ಅಂಥ ಜಾಗದಲ್ಲಿ ಟಿಂಚರ ಯಾಕೆ ಬಿತ್ತೆಂಬುದನ್ನು ತಿಳಿಯಲು ಬಿ.ಎ. ಬೇಕಾಗಿರಲಿಲ್ಲ.

ಸಂಜೆ ಪಾನಕ ಕೊಡುವಾಗಲೂ, ಒದ್ದೆ ಕಡಲೆಯ ಉಡಿ ತುಂಬುವಾಗಲೂ ಅವಳ ಕಿವಿ ಅಡಿಗೆಮನೆಯ ಕಡೆಗೇ ಇತ್ತು. ಪಾತ್ರೆಯ ಸಪ್ಪಳವೂ ಇಲ್ಲ. ಹೆಂಗಸರೆಲ್ಲ ಹೋದ ಮೇಲೆ ಲಕ್ಷ್ಮೀಬಾಯಿ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಎಲ್ಲೆ ಹೋಗಿದ್ದಿ?"

ನಿರುಪಮಾ ಹೇಳಿದಳು. ಹುಬ್ಬಳ್ಳಿ, ಡಾಕ್ಟರಬಾಯಿ, ಬಣ್ಣ, ಹಿಡಿಯದೆ ಉಳಿದ ಜಾಗ. ಮಾತು ತೂಗಿ ಆಡುವವಳಿಗೆ ಆ ಹೊತ್ತು ತೂಗಲಾಗಲಿಲ್ಲ. ಮುಚ್ಚಿಟ್ಟುಕೊಂಡು ಒಳಗೆ ಓಡಾಡಿದ ದಿನಗಳನ್ನೂ ಹೇಳಿಬಿಟ್ಟಳು. ಕೂಗಾಡುತ್ತಾರೆ, ಮನೆಯೆಲ್ಲ ತೊಳೆಸುತ್ತಾರೆ ಎಂದುಕೊಂಡಿದ್ದಳು.

"ಹಿಡೀಲಿಲ್ಲ ಅಂದ್ರ ರೋಗನೇನು?"

"ಹಂಗೇನಿಲ್ಲಂತ. ಭಾಳ ಮಂದಿಗೆ ಹಿಂಗ ಇರತದಂತ. ಮತ್ತೊಮ್ಮೆ ನೋಡಬೇಕು ಅಂದಾರ."

"ಮತ್ತ ಹೋಗಲಿಲ್ಲ ಯಾಕ?"

"ಅಂಜಿಕಿ ಬಂತ್ರಿ."

ಲಕ್ಷ್ಮೀಬಾಯಿ ಹೊಸ್ತಿಲ ಮೇಲೆ ಕೂತರು. ಕೂಡುವಾಗ ಗೋಡೆ ಹಿಡಿದರು. ಇತ್ತೀಚೆಗೆ ಅವರು ಗೋಡೆ ಹಿಡಿದೇ ಕೂಡುತ್ತಿದ್ದರೆಂಬುದು ನಿರುಪಮಾಳಿಗೆ ಆಗ ಕಂಡಿತು. ಓಣಿಯ ಹೆಂಗಸರನ್ನೆಲ್ಲ ಪರೀಕ್ಷಿಸಿದ ಕಣ್ಣಿಗೆ ಒಂದೇ ಮನೆಯವರು ಬಿದ್ದಿರಲಿಲ್ಲ.

"ವಯಸ್ಸಾದವರನ್ನೂ ನೋಡ್ತಾಳೇನು ಆಕಿ?" ಎಂದರು, ಬಾವಿಯ ಕಡೆ ನೋಡುತ್ತ.

"ಯಾರನ್ನ ಅತ್ಯಾರ?"

"ದೀಪಾವಳಿಯಿಂದ ನನಗೂ ಕೆಂಪು ಕಾಣ್ಲಿಕ್ಕೆ ಹತ್ತೇದ. ನಿಂತು ಎಷ್ಟೋ ವರ್ಷ ಆಗಿತ್ತು. ಈ ಕೆಂಪ ಸೀರಿ ಮ್ಯಾಲೆ ಯಾರಿಗೂ ತಿಳಿಯೂದಿಲ್ಲ." ಸ್ವಲ್ಪ ತಡೆದರು. "ನೀನೂ ಹೊರಗ, ನಾನೂ ಹೊರಗ ಕೂತರ ದೇವರಿಗೆ ಎಡಿ ಯಾರು ಮಾಡಬೇಕು? ಅದೂ ಈ ಬೋಳ ತಲಿಯಾಕಿ ಹೊರಗಾಗ್ಯಾಳ ಅಂದ್ರ ಓಣಿ ನಗೂದಿಲ್ಲೇನು? ಸುಮ್ಮನ ಅಡಿಗಿ ಮಾಡಿದೆ. ಪಾಪ ನನ್ನ ಪಾಲಿಗಿರಲಿ ಅಂದೆ."

ನಿರುಪಮಾಳ ಬಾಯಿಗೆ ಬಂದ ಮಾತು 'ಹೆದರಬ್ಯಾಡ್ರಿ' ಎಂಬುದು. ಅದನ್ನು ನುಂಗಿಕೊಂಡಳು. "ನಾಳೆ ಹೋಗೋಣ್ರಿ," ಎಂದಳು.

ಮರುದಿನ ಹುಬ್ಬಳ್ಳಿಗೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಲಕ್ಷ್ಮೀಬಾಯಿ ಮೈಯನ್ನು ಮುದುಡಿಕೊಂಡು, ಯಾರ ತೋಳೂ ತಾಗದಂತೆ ಕೂಡಲು ಹೆಣಗಿದರು. ನವಲೂರು ದಾಟುವಷ್ಟರಲ್ಲಿ ಒಂದು ಬದಿ ಕುಂಬಳಕಾಯಿಯ ಚೀಲ, ಇನ್ನೊಂದು ಬದಿ ಅಪರಿಚಿತಳ ಕೂಸು ಅವರಿಗೆ ಒರಗಿದ್ದವು. ರಾಯಾಪುರದಲ್ಲಿ ಡ್ರೈವರ್ ಮೋಟಾರಿಗೆ ನೀರು ಹಾಕಲು ನಿಲ್ಲಿಸಿದ.

"ಇಲ್ಲೇ ಇಳದು ತಿರುಗಿ ನಡಕೋತ ಹೋಗಿಬಿಡೋಣೇನ?" ಎಂದರು ಲಕ್ಷ್ಮೀಬಾಯಿ, ಪಿಸುಮಾತಿನಲ್ಲಿ.

"ನಾನೂ ಅದನ್ನs ವಿಚಾರ ಮಾಡ್ಲಿಕ್ಕೆ ಹತ್ತಿದ್ದೆ."

ಒಬ್ಬರ ಮುಖ ಒಬ್ಬರು ನೋಡಿದರು. ಮೋಟಾರು ಹೊರಟಿತು. ಇಳಿಯುವ ಕೆಲಸ ಅಷ್ಟಕ್ಕೇ ತಪ್ಪಿತು.

ದವಾಖಾನೆಯ ಜಗಲಿಯಲ್ಲಿ ಈ ಸಲ ಕುರ್ಚಿ ಖಾಲಿ ಇರಲಿಲ್ಲ. ಬಾಕಿನ ಮೇಲೆಯೇ ಕೂಡಬೇಕಾಯಿತು. ಪಕ್ಕದಲ್ಲಿದ್ದವಳು ಗರಗದಿಂದ ಬಂದ ದಾನವ್ವ. ಅವಳಾಚೆ ಹುಬ್ಬಳ್ಳಿಯವಳೇ ಆದ ಹಾಜರಾಬಿ. ಇಬ್ಬರಿಗೂ ಇಲ್ಲಿ ಬಂದು ಬಂದು ಪರಿಚಯವಾಗಿತ್ತು.

"ನಿಮ್ಮದೂ ಬಣ್ಣದ್ದೇನ್ರಿ?" ದಾನವ್ವ ನೇರವಾಗಿ ಕೇಳಿದಳು.

ನಿರುಪಮಾ ತಲೆಯಾಡಿಸಿದಳು.

"ನನಗ ಮೊದಲನೇ ಸಲ ಹಚ್ಚಿದಾಗ ಅರ್ಧಕ್ಕರ್ಧ ಹಿಡಿದಿದ್ದಿಲ್ಲ ನೋಡ್ರಿ. ಮನ್ಯಾಗ ಹೇಳಿದ್ರ ನನ್ನ ಗಂಡ ಏನಂದಾ? 'ನಮ್ಮ ಗ್ವಾಡಿಗೆ ಸುಣ್ಣಾ ಬಳದ್ರೂ ಹಂಗs ಆಕ್ಕೈತಿ, ಅದಕ್ಯಾಕ ಹುಬ್ಬಳ್ಳಿತನಕಾ ಹೋಗಿದ್ದಿ' ಅಂದಾ!"

ಹಾಜರಾಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನನಗೂ ಹಂಗs, ನನ್ನ ತಂಗೀಗೂ ಹಂಗs, ಸೊಸಿಗೂ ಹಂಗs. ಅಲ್ಲಾ ಎಲ್ಲಾರಿಗೂ ಕೂಡಿ ಒಂದs ಡಬ್ಬಿ ಬಣ್ಣಾ ಕಳಿಸ್ಯಾನ ಕಾಣತೈತಿ, ಸಾಲವಲ್ದು."

"ಈಗ ಹೆಂಗದರಿ?" ನಿರುಪಮಾ ಕೇಳಿದಳು.

"ಸೊಸಿದು ತಾನs ಮಾಯ್ದು ಹೋತು. ನಂದು ಔಷಧ ನಡದೈತಿ. ಕರದಾಗೊಮ್ಮೆ ಬರೋದು, ತೋರಸೋದು, ಹೋಗೋದು."

ಬಾಕಿನ ತುದಿಯಲ್ಲಿ ಒಬ್ಬ ಹೆಂಗಸು ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ನಗಲಿಲ್ಲ. ದಾನವ್ವ ದನಿ ಇಳಿಸಿದಳು. "ಆಕೀದು ಖರೇನ ಅದs ಐತಂತ. ಇನ್ನಾ ಸಣ್ಣದು ಇರೂವಾಗs ಬಂದಾಳ. ಮುಂಬಯಿಗೆ ಕರಕೊಂಡ ಹೋಗತಾರ. ಉಳೀತಾಳ ಅಂತಾರಪಾ ಡಾಕ್ಟರ ಬಾಯಾರು."

ತನ್ನಂಥವರು ಎಲ್ಲಿದ್ದಾರೆಂದು ನಿರುಪಮಾ ಊರೆಲ್ಲ ಹುಡುಕಿದ್ದಳು. ಹೋದ ಸಲ ಅವರಿಗೇ ಬೆನ್ನು ಮಾಡಿ ಕೂತಿದ್ದಳು.

ಮೊದಲು ನಿರುಪಮಾಳ ಪಾಳಿ ಬಂತು. ತಡಮಾಡಿ ಬಂದದ್ದಕ್ಕೆ ಡಾಕ್ಟರಬಾಯಿ ಅವಳನ್ನು ಬಯ್ದರು. ಟಿಂಚರ ಹಚ್ಚಿ ನೋಡಿ, ಈ ಸಲ ಸುಮ್ಮನಿರದೆ ಮಾತಾಡಿದರು. "ಮಾಯ್ಲಿಕ್ಕೆ ಹತ್ತೇದ. ಸಾಸಿವಿಕಾಳಿನಷ್ಟು ಉಳದದ. ಬಾವು ಅದು. ಇವತ್ತ ಮತ್ತ ಔಷಧ ಹಚ್ಚತೀನಿ, ಮಳಿಗಾಲ ಮುಗಿದ ಮ್ಯಾಲೆ ಬರ್ರಿ. ನಿಮ್ಮ ಫ್ಲೋರೆನ್ಸ ಬಂದು ಎಳಕೊಂಡು ಬರೂಹಂಗ ಮಾಡಬ್ಯಾಡ್ರಿ."

ಸಾಸಿವೆಕಾಳು ಸಣ್ಣದೇ. ಆದರೂ ಉಳಿದಿದೆ. ಹಗುರಾಗಬೇಕಿದ್ದ ಎದೆ ಪೂರ್ತಿ ಹಗುರಾಗಲಿಲ್ಲ. ಬಾಕಿನ ಮೇಲೆ ತಿರುಗಿ ಬಂದು ಕೂತಾಗ ಪರದೆಯ ಹಿಂದೆ ಅತ್ತೆಯ ದನಿ ಕೇಳಿಸುತ್ತಿತ್ತು. "ಕೈ ತೊಳಕೊಂಡೀರೇನ್ರಿ?" ಡಾಕ್ಟರಬಾಯಿ ನಕ್ಕರು. "ತೊಳಕೊಂಡೀನವ್ವಾ, ನಿಮ್ಮ ಮಡಿಗಿಂತ ಒಂದು ಕೈ ಹೆಚ್ಚs." ಆಮೇಲೆ ಬಹಳ ಹೊತ್ತು ದನಿಯೇ ಇಲ್ಲ. ನಿರುಪಮಾ ಎದ್ದಳು, ಕೂತಳು, ಮತ್ತೆ ಎದ್ದಳು. "ಕೂಡ್ರಿ ಬಾಯಾರ," ಎಂದು ದಾನವ್ವ ಅವಳ ಕೈ ಹಿಡಿದು ಕೂರಿಸಿದಳು, ಬಿಡಲಿಲ್ಲ.

ಹೊರಗೆ ಬಂದ ಡಾಕ್ಟರಬಾಯಿ ಅತ್ತೆ-ಸೊಸೆ ಇಬ್ಬರ ಎದುರಿಗೂ ಹೇಳಿದರು. "ಇವರ ವಯಸ್ಸಿಗೆ ಬಣ್ಣ ಹೆಂಗೂ ಸರಿ ಹಿಡಿಯೂದಿಲ್ಲ, ಅದನ್ನ ನಂಬೂ ಹಂಗಿಲ್ಲ. ಆದರ ನಿಂತ ಮ್ಯಾಲೆ ಕೆಂಪು ಕಂಡದ್ದನ್ನ ಬಿಡೂ ಹಂಗೂ ಇಲ್ಲ. ತುಣುಕು ತಗದೇನಿ. ಮುಂಬಯಿಯಿಂದ ಬರೂತನಕ ನಾನೂ ಏನೂ ಅನ್ನೂದಿಲ್ಲ, ನೀವೂ ಏನೂ ಅಂದುಕೋಬ್ಯಾಡ್ರಿ."

ಅದು ಸಮಾಧಾನದ ಮಾತಾಗಿರಲಿಲ್ಲ. ಆದ್ದರಿಂದಲೇ ನಿರುಪಮಾ ಅದನ್ನು ನಂಬಿದಳು.

ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡ ಲಕ್ಷ್ಮೀಬಾಯಿ ಅಡಿಗೆಮನೆಯ ಕಡೆ ಹೋಗಲಿಲ್ಲ. ಚಾಪೆ ಕಂಕುಳಲ್ಲಿ ಇರುಕಿಕೊಂಡು ಹಿತ್ತಲಿನ ಕೋಣೆಗೆ ನಡೆದರು. ನಿರುಪಮಾಳಿಗೂ ಔಷಧದ ಮೇಲೆ ಕೆಂಪು ಕಂಡಿತ್ತು. ಮುಚ್ಚಿಡದೆ ಅವರ ಹಿಂದೆಯೇ ಹೋದಳು. ಟ್ರೇನಿಂಗ್ ಕಾಲೇಜಿನ ಕೆಲಸ ಮುಗಿಸಿ ಬಂದ ಅವಳ ಗಂಡ ಬಿಂದುಮಾಧವ ಹಿತ್ತಲ ಬಾಗಿಲಲ್ಲಿ ನಿಂತು ತಾಯಿಯನ್ನೂ ಹೆಂಡತಿಯನ್ನೂ ನೋಡಿದ.

"ಅವ್ವಾ, ನೀ ಯಾಕ ಇಲ್ಲೆ?"

"ಹೊರಗಾಗೇನಿ."

"ನೀನಾ?"

"ಹೂಂ, ನಾನs. ನಿನ್ನ ಹೆಂಡತೀನೂ. ಒಲಿ ಹಚ್ಚು. ಅಕ್ಕಿ ಎರಡನೇ ಡಬ್ಬಿಯೊಳಗ ಅವ. ಮೊದಲು ತೊಳಿ, ಆಮ್ಯಾಲೆ ಹಾಕು, ತಿರುವ್ಯಾಡಬ್ಯಾಡ."

ಅವನು ಏನೋ ಕೇಳಬೇಕೆಂದು ಬಾಯಿ ತೆರೆದ. ತಾಯಿಯ ಮುಖ ನೋಡಿ, ಅಂಗಿಯ ತೋಳು ಮಡಚುತ್ತ ಒಳಗೆ ಹೋದ.

ಬೇಲಿಯಾಚೆ ಮಂದಾಕಿನಿ ಬಟ್ಟೆ ತೆಗೆಯಲು ಬಂದವಳು ಕತ್ತು ಚಾಚಿ ನೋಡಿದಳು. "ಅಯ್ಯ, ಏನ್ರಿ ಕಾಕು, ಸೊಸಿ ಜೋಡಿ ಕೂಡೂ ಹುಕಿ ಬಂತೇನು ನಿಮಗ?"

ನಿರುಪಮಾ ನೆವ ಹುಡುಕುತ್ತಿದ್ದಳು. ಅತ್ತೆ ಅವಳಿಗೆ ಪುರಸೊತ್ತು ಕೊಡಲಿಲ್ಲ. ಹುಬ್ಬಳ್ಳಿಗೆ ಹೋದದ್ದು, ಬಣ್ಣ ಹಚ್ಚಿದ್ದು, ತುಣುಕು ಮುಂಬಯಿಗೆ ಹೊರಟದ್ದು, ಬಾಕಿನ ತುಂಬ ಇಂಥವರೇ ಕೂತದ್ದು, ಎಲ್ಲವನ್ನೂ ಉಪ್ಪಿನಕಾಯಿ ಹಾಕಿದ ಸುದ್ದಿ ಹೇಳುವಂತೆ ಹೇಳಿದರು. ಮಂದಾಕಿನಿಯ ನಗು ಎಲ್ಲೋ ನಡುವೆ ಕಳೆದುಹೋಯಿತು. "ಹಂಗೇನ್ರಿ," ಎಂದು ಬಟ್ಟೆ ಎತ್ತಿಕೊಂಡು ಹೊರಟಳು. ನಾಕು ಹೆಜ್ಜೆ ಹೋಗಿ ನಿಂತಳು. ಮತ್ತೆ ಬೇಲಿಯ ಹತ್ತಿರ ಬಂದಳು.

"ವೈನಿ, ಆ ಡಾಕ್ಟರಬಾಯಿ... ಬುಧವಾರನೂ ಇರತಾರೇನ್ರಿ?"

ಯಾರಿಗೆ, ಯಾತಕ್ಕೆ ಎಂದು ನಿರುಪಮಾ ಕೇಳಲಿಲ್ಲ. "ಇರತಾರ. ಬೇಕಾದ್ರ ನಾ ಬರ್ತೀನಿ ಜೋಡಿಗೆ."

"ಬೇಲಿ ಆಚೆ ನಿಂತು ಏನ ಕೇಳ್ತಿ, ಈ ಕಡೆ ಬಾ," ಎಂದರು ಲಕ್ಷ್ಮೀಬಾಯಿ.

ಮಂದಾಕಿನಿ ಬೇಲಿಯ ಸಂದಿನಿಂದ ನುಸುಳಿ ಬಂದು, ಮುಟ್ಟದಷ್ಟು ದೂರದಲ್ಲಿ ನೆಲದ ಮೇಲೆ ಕೂತಳು. ಮಾತು ಹೊರಡಲಿಕ್ಕೆ ತಡವಾಯಿತು. ಹೊರಟ ಮೇಲೆ ನಿಲ್ಲಲಿಲ್ಲ. ಒಳಗೆ ಅನ್ನ ತಳ ಹತ್ತಿದ ವಾಸನೆ ಬಂತು. ಬಿಂದುಮಾಧವ ಎರಡು ಸಲ "ಅವ್ವಾ" ಎಂದು ಕೂಗಿದ.

"ಇಳಿಸೋ ಮಾರಾಯಾ," ಎಂದು ಕೂತಲ್ಲಿಂದಲೇ ಹೇಳಿ ಲಕ್ಷ್ಮೀಬಾಯಿ ಮತ್ತೆ ಮಂದಾಕಿನಿಯ ಕಡೆ ತಿರುಗಿದರು. "ಹೂಂ, ಎಂದಿನಿಂದ ಅಂದಿ?"